ಗುಲ್ಮಾರ್ಗಕ್ಕೆ ನಾನೇಕೆ ಬರಲಿಲ್ಲ

ಕಮಲಾಪುರ
೧೨ ಫೆಬ್ರುವರಿ ೨೦೨೫
ಬುಧವಾರ ಮಧ್ಯಾಹ್ನ

ಪ್ರೀತಿಯ ಶುಭಾ,

ನಾನು, ಅವ್ವ, ನಿನ್ನ ತುಳಸಿಗಿಡ ಮೂವರೂ ಕ್ಷೇಮ. ನೀನು ಕ್ಷೇಮ ಮಾತ್ರವಲ್ಲ, ಭಾಳ ಖುಷಿಯಲ್ಲೂ ಇದ್ದೀಯೆಂದು ಫೋಟೊಗಳಿಂದ ತಿಳಿಯಿತು. ನೀನು ಹೋಗಿ ನಾಲ್ಕು ದಿನವಾದ ಮೇಲೆ ಕಾಗದ ಮುಂದಿಟ್ಟುಕೊಂಡಿದ್ದೇನೆ, ತಪ್ಪಾಯಿತು. ಪೆನ್ನು ದಿನಾ ಹಿಡಿಯುತ್ತೇನೆ ನಿಜ. ಆದರೆ ‘ದಿನಕ್ಕೆ ಎರಡು, ಊಟದ ನಂತರ’ ಎನ್ನುವುದಕ್ಕಿಂತ ಉದ್ದದ್ದೇನನ್ನೂ ಬರೆದು ಇಪ್ಪತ್ತು ವರ್ಷವಾಯಿತು.

ಶನಿವಾರ ಬೆಳಿಗ್ಗೆ ಹೈದರಾಬಾದಿನ ವಿಮಾನಕ್ಕೆಂದು ಕಾರು ಹತ್ತುವಾಗ, ಅವ್ವ ಬಾಗಿಲಲ್ಲೇ ನಿಂತಿದ್ದಳೆಂದು ನೀನು ‘ರೀ’ ಹಚ್ಚಿ ಕೇಳಿದೆ: “ಟಿಕೆಟ್ ಯಾಕ ಕ್ಯಾನ್ಸಲ್ ಮಾಡಿದ್ರಿ?” ನಾನು ನಿನ್ನ ಬ್ಯಾಗು ಡಿಕ್ಕಿಯಲ್ಲಿಟ್ಟೆ. ಕಾರಿನ ಗಾಜು ಅರ್ಧ ಏರಿದ ಮೇಲೆ ‘ರೀ’ ಬಿಟ್ಟು ಮತ್ತೆ ಕೇಳಿದೆ. “ಸುಮ್ಯಾ, ಖರೇ ಹೇಳು. ಫೋನಿನಾಗ ಬ್ಯಾಡ, ಫೋನಿನಾಗ ನೀ ಬರೇ ಹ್ಞೂಂ ಹ್ಞೂಂ ಅಂತಿ. ನಾ ಹುಬ್ಬಳ್ಳ್ಯಾಗ ಎಂ.ಡಿ. ಓದೂ ಮುಂದ ಬರೀತಿದ್ದೆಲ್ಲ, ಹಂಗ ಬರದು ಇಡು, ಬಂದು ಓದ್ತೀನಿ. ಬರೀಲಿಲ್ಲಂದ್ರ ಇನ್ನ ಮ್ಯಾಲೆ ನಿನ್ನ ಎಲ್ಲಿಗೂ ಕರೆಯೂದಿಲ್ಲ. ಎಲ್ಲಿಗೆ ಹೊಂಟೀನಿ ಅಂತ ಹೇಳೂದೂ ಇಲ್ಲ.”

ನೀನು ಹೇಳಿದರೆ ಮಾಡುವವಳು. ಅದಕ್ಕೇ ಮಧ್ಯಾಹ್ನದ ದವಾಖಾನೆ ಮುಚ್ಚಿದ ಮೇಲೆ, ರೋಗಿಗಳ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮೊದಲು ಸುಳ್ಳಿನ ಲೆಕ್ಕ ಚುಕ್ತಾ ಮಾಡುತ್ತೇನೆ. ನಾನು ನಿನಗೆ ಕೊಟ್ಟಿದ್ದ ಕಾರಣ ಮಲ್ಲಣ್ಣನ ಕಾಲು. ಸಕ್ಕರೆ ಕಾಯಿಲೆಯ ಗಾಯ, ದಿನಾ ಡ್ರೆಸಿಂಗ್ ಆಗಬೇಕು, ಬೇರೆಯವರ ಕೈಗೆ ಬಿಟ್ಟರೆ ಬೆರಳು ಹೋಗುತ್ತದೆ ಎಂದೆಲ್ಲ ಹೇಳಿದ್ದೆ. ಸೋಮವಾರ ಆ ಮಲ್ಲಣ್ಣ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದುಕೊಂಡು ಬಂದ. ನನ್ನನ್ನು ಕಂಡು ಗಾಬರಿಯಾದ. “ಅಯ್ಯ, ಡಾಕ್ಟರ್ರು ಇಲ್ಲೇ ಅದೀರೇನ್ರಿ? ನೀವು ಕಾಶ್ಮೀರಕ್ಕ ಹೋಗ್ತೀರಂತ ನಾ ಸೇಡಮಿಗಿ ಮಗಳ ಮನಿಗಿ ಹೊಂಟೀನಲ್ರಿ. ಅಲ್ಲೇ ದವಾಖಾನ್ಯಾಗ ಪಟ್ಟಿ ಕಟ್ಟಿಸ್ಕೋತೀನಿ. ಸಾಯಬಣ್ಣಗ ಹೇಳಿ ಹೋಗಮಂತ ಬಂದೀನಿ.” ಹಣ್ಣು ಟೇಬಲ್ಲಿನ ಮೇಲಿಟ್ಟು ಬಸ್ಸಿಗೆ ಹೋದ. ನನ್ನ ಕಾರಣವೂ ಅವನ ಜೊತೆಗೇ ಸೇಡಮ್ಮಿನ ಬಸ್ಸು ಹತ್ತಿತು.

ಸಾಯಬಣ್ಣ ಅಪ್ಪನ ಕಾಲದ ಕಂಪೌಂಡರ್, ನಮ್ಮ ಮನೆಯ ಒಳಗುಟ್ಟು ತನಗೂ ಸೇರಿದ್ದೆಂದು ನಂಬಿರುವವನು. ಹತ್ತಿ ಸುತ್ತುತ್ತಾ ನನ್ನ ಮುಖವನ್ನೇ ನೋಡಿದ. “ಹಂಗಾರ ನೀವು ಯಾಕ ಉಳದ್ರಿ?” ಎಂದ. ರೋಗಿಗಳು ಎಂದೆ. ಹೊರಗೆ ಬೆಂಚಿನ ಮೇಲೆ ಇದ್ದವರು ಇಬ್ಬರು.

ನೀನು ಗುಲ್ಮಾರ್ಗದ ಡಾಕ್ಟರುಗಳ ಸಮ್ಮೇಳನದ ವೇಳಾಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋಗಿದ್ದೀಯ. ದಿನಾ ಬೆಳಿಗ್ಗೆ ಹಾಲು ತೆಗೆಯುವಾಗ ಓದುತ್ತೇನೆ. ಏಳೂವರೆಯಿಂದ ಹತ್ತರವರೆಗೆ ಉಪನ್ಯಾಸ. ಹತ್ತರಿಂದ ನಾಲ್ಕರವರೆಗೆ ‘ಸ್ಕೀ ವಿರಾಮ’. ನಾಲ್ಕರಿಂದ ಏಳರವರೆಗೆ ಮತ್ತೆ ಉಪನ್ಯಾಸ. ಇಡೀ ದೇಶದ ಡಾಕ್ಟರುಗಳು ಸೇರಿ ಆರು ತಾಸು ಗುಡ್ಡದಿಂದ ಜಾರುವುದಕ್ಕೆ ವೈದ್ಯಕೀಯ ಶಿಕ್ಷಣ ಎಂದು ಹೆಸರಿಟ್ಟಿದ್ದಾರೆ. ನಾನು ಹತ್ತಕ್ಕೆ ಇಲ್ಲಿ ದವಾಖಾನೆಯ ಕದ ತೆರೆಯುತ್ತೇನೆ, ನೀನು ಅದೇ ಹತ್ತಕ್ಕೆ ಅಲ್ಲಿ ಪುಸ್ತಕ ಮುಚ್ಚಿ ಬೂಟು ಹಾಕುತ್ತೀಯ.

ಅವ್ವ ಅದನ್ನು ನನ್ನಿಂದ ಓದಿಸಿಕೊಂಡು ಕೇಳಿದಳು. “ಕಲಿಯೂದು ಯಾವಾಗೋ, ಜಾರೂದು ಯಾವಾಗೋ? ಅಷ್ಟು ಥಂಡಿ ಬೇಕಾಗಿದ್ರ ಇಲ್ಲೇ ಫ್ರಿಜ್ಜಿನ ಬಾಗಲಾ ತಗದು ಕೂತಿದ್ರ ಆಗ್ತಿತ್ತಲ್ಲ.” ಹಾಗಲ್ಲ ಅವ್ವ, ನೋಂದಣಿ ನವೀಕರಣಕ್ಕೆ ಕ್ರೆಡಿಟ್ ಅಂಕ ಬೇಕು, ಇಂಥ ಸಮ್ಮೇಳನಕ್ಕೆ ಹೋದರೆ ಸಿಗುತ್ತದೆ ಎಂದು ನಿನ್ನ ಪರವಾಗಿಯೇ ವಾದ ಮಾಡಿದೆ. “ನಿನಗ ಬ್ಯಾಡೇನು ಆ ಅಂಕ?” ಎಂದಳು. ನನಗೂ ಬೇಕು. ನನ್ನದು ಡಾಕ್ಟರುಗಳ ಸಂಘದ ಸಭಾಭವನದಲ್ಲಿ ಭಾನುವಾರ ಮಧ್ಯಾಹ್ನ ಎರಡೆರಡೇ ಬರುತ್ತದೆ. ಫ್ಯಾನಿನ ಕೆಳಗೆ ಕುರ್ಚಿ ಸಿಕ್ಕರೆ ಪುಣ್ಯ. ಪಲಾವಿನ ವಾಸನೆ ಎದ್ದ ಮೇಲೆ ಅಲ್ಲಿ ಯಾವ ಡಾಕ್ಟರನೂ ಪರದೆ ನೋಡುವುದಿಲ್ಲ.

ಈಗ ಫೋಟೊಗಳ ವಿಷಯ. ನಿನ್ನ ರೂಮಿನ ಜೊತೆಗಾತಿ ಡಾ. ಮುಬಶ್ಶಿರಾ ವಾಟ್ಸಾಪ್ ಗುಂಪಿಗೆ ಕಳಿಸಿದ ಹನ್ನೊಂದು ಫೋಟೊಗಳಲ್ಲಿ ಒಂಬತ್ತರಲ್ಲಿ ನಮ್ಮ ಜೊತೆ ಓದಿದ ವಿವೇಕಾನಂದ ಇದ್ದಾನೆ. ನಾನು ಎಣಿಸಲಿಲ್ಲ ಎಂದು ಬರೆಯಬೇಕೆಂದುಕೊಂಡಿದ್ದೆ, ಆದರೆ ಎಣಿಸಿದ್ದೇನೆ. ಕೆಂಪು ಜಾಕೀಟು. ಕಾಲೇಜಿನಲ್ಲಿ ಮೂರು ಅಂಗಿಯಲ್ಲಿ ಐದು ವರ್ಷ ಕಳೆದವನಿಗೆ ಈಗ ಹಿಮಕ್ಕೊಂದು, ಬಿಸಿಲಿಗೊಂದು ಜಾಕೀಟು. ರೋಪ್‌ವೇ ಡಬ್ಬಿಯಲ್ಲಿ ನೀನು ಈ ಕಿಟಕಿಗೆ, ಅವನು ಪಕ್ಕಕ್ಕೆ. ಇನ್ನೊಂದರಲ್ಲಿ ಅವನು ಹಿಮದಲ್ಲಿ ಮಂಡಿಯೂರಿ ನಿನ್ನ ಸ್ಕೀ ಬೂಟಿನ ಪಟ್ಟಿ ಬಿಗಿಯುತ್ತಿದ್ದಾನೆ, ನೀನು ಅವನ ಹೆಗಲ ಮೇಲೆ ಕೈ ಊರಿ ನಗುತ್ತಿದ್ದೀಯ. ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿ ನೋಡಿದೆ. ನಿನ್ನ ಚಪ್ಪಲಿಯ ಉಂಗುಷ್ಟ ಕಿತ್ತಾಗಲೂ ನೀನು ನನ್ನನ್ನು ಮುಟ್ಟಗೊಟ್ಟಿಲ್ಲ, “ಬಿಡು, ನಾ ಮಾಡ್ಕೋತೀನಿ” ಎನ್ನುವವಳು.

ಸಾಯಬಣ್ಣನೂ ಹಿಂದಿನಿಂದ ಬಗ್ಗಿ ನೋಡಿದ. “ಡಾಕ್ಟರ್ ಬಾಯಾರ ಬೂಟು ಕಟ್ಟಾಕತ್ತಾರಲ್ಲ, ಅವರು ಯಾರ್ರಿ?”

“ವಿವೇಕಾನಂದ ಡಾಕ್ಟರ್.”

“ಎಲುಬಿನ ಡಾಕ್ಟರಲ್ರಿ? ಛಲೋ ಆತು ಬಿಡ್ರಿ. ಬಿದ್ರ ಬಾಜೂಕೇ ಅದಾರ.”

ಅವನು ಸಮಾಧಾನಕ್ಕೇ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಅವತ್ತು ಬಂದ ಮುಂದಿನ ರೋಗಿಯನ್ನು, ಪಾಪ, ನೆಗಡಿಗಾಗಿ ಬಂದ ಹೆಣ್ಣುಮಗಳು, ಥಂಡಿಯಲ್ಲಿ ತಿರುಗಬೇಡ ಎಂದು ಗದರಿಸಿ ಕಳಿಸಿದೆ. ಕಮಲಾಪುರದಲ್ಲಿ ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು.

ಶುಭಾ, ನಾನು ಸಣ್ಣವನಾಗಿ ಬರೆಯುತ್ತಿದ್ದೇನೆ, ಗೊತ್ತು. ಆದರೆ ಖರೇ ಹೇಳು ಎಂದವಳು ನೀನು. ನನ್ನ ರೋಗಿಗಳನ್ನು ಕಲಬುರಗಿಯ ನಿನ್ನ ಆಸ್ಪತ್ರೆಗೆ ಕಳಿಸುತ್ತೇನಲ್ಲ, ಅವರು ವಾಪಸು ಬಂದು ಏನು ಹೇಳುತ್ತಾರೆ ಗೊತ್ತೇ? “ದೊಡ್ಡ ಡಾಕ್ಟರ್ ಬಾಯಾರು ನಿಮ್ಮ ಗುಳಿಗಿ ಬದಲಿ ಮಾಡ್ಯಾರ್ರಿ.” ನಾನು ಚೀಟಿ ನೋಡುತ್ತೇನೆ. ಹತ್ತರಲ್ಲಿ ಎಂಟು ಸಲ ನೀನು ಮಾಡಿದ್ದೇ ಸರಿ ಇರುತ್ತದೆ. ಉಳಿದೆರಡು ಸಲವೂ ಸರಿಯೇ ಇರುತ್ತದೆ, ನಾನು ಒಪ್ಪುವುದಿಲ್ಲ ಅಷ್ಟೇ. ನೀನು ‘ದೊಡ್ಡ ಡಾಕ್ಟರ್’, ನಾನು ‘ನಮ್ಮ ಡಾಕ್ಟರ್’. ‘ನಮ್ಮ’ ಎನ್ನುವುದರಲ್ಲಿ ಪ್ರೀತಿ ಇದೆ ಎಂದು ನೀನು ಒಮ್ಮೆ ಹೇಳಿದ್ದೆ. ಪ್ರೀತಿ ಇದೆ, ಇಲ್ಲ ಅನ್ನುವುದಿಲ್ಲ. ಆದರೂ ನಿನ್ನನ್ನು ಅವರು ಹಾಗೆ ಕರೆಯುವಾಗ ದನಿ ತಗ್ಗಿಸುತ್ತಾರೆ, ನನ್ನನ್ನು ಕರೆಯುವಾಗ ಬೀದಿಯ ಆ ಬದಿಯಿಂದ ಕೂಗುತ್ತಾರೆ.

ಹಾಗಾದರೆ ಟಿಕೆಟ್ ರದ್ದು ಮಾಡಿದ್ದೇಕೆ? ನಿನ್ನ ಹೆಸರು ನೋಂದಾಯಿಸುವಾಗ ನನ್ನದನ್ನೂ ತುಂಬಿದ್ದೆಯಲ್ಲ, ಅದರ ಬ್ಯಾಡ್ಜು ನನ್ನ ಇ-ಮೇಲಿಗೆ ಬಂತು. ನಿನ್ನದರಲ್ಲಿ ‘ಡಾ. ಶುಭದಾ, ಉಪನ್ಯಾಸಕರು’. ನನ್ನದರಲ್ಲಿ ‘ಶ್ರೀ ಸುಮಧ್ವ, ಜೊತೆಗೆ ಬಂದವರು’. ಡಾ. ಇಲ್ಲ! ಕೆಳಗೆ ಸೂಚನೆ: ಜೊತೆಗೆ ಬಂದವರಿಗೆ ಸಭಾಂಗಣದೊಳಗೆ ಪ್ರವೇಶವಿಲ್ಲ, ಉಪನ್ಯಾಸದ ಹೊತ್ತಿನಲ್ಲಿ ಅವರಿಗಾಗಿ ಶಾಲು ಖರೀದಿಗೆ ವಾಹನದ ವ್ಯವಸ್ಥೆ ಇದೆ. ಇಪ್ಪತ್ತಮೂರು ವರ್ಷ ಸ್ಟೆತಾಸ್ಕೋಪು ಹಾಕಿಕೊಂಡವನು ಹೆಂಡಂದಿರ ವ್ಯಾನಿನಲ್ಲಿ ಶಾಲು ನೋಡಲು ಹೋಗಬೇಕಿತ್ತು. ಕಮಲಾಪುರದ ಬಸ್ಸಿನ ಕಂಡಕ್ಟರ್ ಸಹ ನನಗೆ ಡಾಕ್ಟರ್ ಸಾಹೇಬ್ರೆ ಎನ್ನದೆ ಟಿಕೆಟ್ ಹರಿಯುವುದಿಲ್ಲ.

ಡೆಲಿಗೇಟ್ ಜಾಗಗಳು ಮುಗಿದಿದ್ದವು, ಅವಸರದಲ್ಲಿ ತುಂಬಿದೆ ಎಂದು ನೀನು ಹೇಳುತ್ತೀಯ. ಇರಬಹುದು. ಅದೇ ಕಾರಣ. ಇದಕ್ಕಿಂತ ಹೆಚ್ಚಿನದೇನೂ ಇಲ್ಲ. ಐದಾಯಿತು, ಸಾಯಬಣ್ಣ ಕದ ತೆರೆಯುತ್ತಿದ್ದಾನೆ.

ಇಂತಿ ನಿನ್ನ,
ಡಾ. ಸುಮಧ್ವ
(ಮೊದಲ ಅಕ್ಷರವನ್ನು ದಯವಿಟ್ಟು ಗಮನಿಸುವುದು)


ಕಲಬುರಗಿಯ ಮನೆ
೧೫ ಫೆಬ್ರುವರಿ, ಶನಿವಾರ ಬೆಳಿಗ್ಗೆ

ಪ್ರೀತಿಯ ಶುಭಾ,

ಬುಧವಾರದ ಪತ್ರ ಹರಿದು ಹಾಕಬೇಕೆಂದಿದ್ದೆ. ಹರಿಯಲಿಲ್ಲ. ಇದರ ಜೊತೆಗೇ ಇಟ್ಟಿದ್ದೇನೆ. ಸಿಟ್ಟು ಬಂದರೆ ಅದನ್ನು ಎರಡನೆಯದಾಗಿ ಓದು.

ಮನೆಯ ಸುದ್ದಿ ಹೇಳಿಬಿಡುತ್ತೇನೆ. ಮೇಲಿನ ನೀರಿನ ಟಾಕಿಯ ನಲ್ಲಿ ಸೋರುತ್ತಿತ್ತು, ರಿಪೇರಿಯಾಯಿತು. ಅವ್ವನ ರಕ್ತದೊತ್ತಡ ಸರಿಯಾಗಿದೆ. ನಾನು ನೋಡಿದರೆ ನಂಬುವುದಿಲ್ಲ, “ಶುಭಾ ಬಂದು ನೋಡ್ಲಿ” ಎನ್ನುತ್ತಾಳೆ. ಹೆತ್ತ ತಾಯಿಗೂ ನೀನೇ ದೊಡ್ಡ ಡಾಕ್ಟರ್. ಧಾರವಾಡದ ಹಾಸ್ಟೆಲಿನಿಂದ ಪದ್ಮಜಾ ಫೋನ್ ಮಾಡಿದ್ದಳು. ಯಾಕೆ ಮಾಡಿದ್ದಳೆಂದು ಮುಂದೆ ಬರೆಯುತ್ತೇನೆ.

ಗುರುವಾರ ನಿನ್ನ ಉಪನ್ಯಾಸವಿತ್ತಲ್ಲ, ಅದರ ವಿಡಿಯೊ ನಿನ್ನೆ ಬಂತು. ದವಾಖಾನೆಯಲ್ಲಿ ಜನರಿರಲಿಲ್ಲ. ಫೋನನ್ನು ಔಷಧಿಯ ಡಬ್ಬಿಗೆ ಒರಗಿಸಿಟ್ಟು ನಾನೂ ಸಾಯಬಣ್ಣನೂ ನೋಡಿದೆವು. ನೀನು ಆ ನೀಲಿ ಇಳಕಲ್ ಸೀರೆಯ ಮೇಲೆ ಕೋಟು ಹಾಕಿಕೊಂಡು ನಿಂತಿದ್ದೆ. ನಿನ್ನ ಹಿಂದಿನ ಗಾಜಿನಾಚೆ ಬಿಳಿ ಗುಡ್ಡ. ತೊಗರಿ ಹೊಲಕ್ಕೆ ಹೊಡೆಯುವ ಕೀಟನಾಶಕದ ಎಣ್ಣೆ ಮೈಗೇರಿದವರಿಗೆ, ಹೊಟ್ಟೆಗೆ ಹೋದವರಿಗೆ, ತಾಲ್ಲೂಕಿನ ಸಣ್ಣ ದವಾಖಾನೆಯಲ್ಲಿ ಮೊದಲ ಒಂದು ತಾಸಿನಲ್ಲಿ ಏನು ಮಾಡಬೇಕು ಎಂಬುದನ್ನು ನೀನು ಎಷ್ಟು ಚೆನ್ನಾಗಿ ಹೇಳಿದೆ! ನಾನು ಆ ಕೆಲಸವನ್ನು ಇಷ್ಟು ವರ್ಷದಿಂದ ಮಾಡುತ್ತಿದ್ದೇನೆ, ಆದರೆ ನಾನು ಏನು ಮಾಡುತ್ತಿದ್ದೇನೆ ಎಂಬುದು ನಿನ್ನ ಬಾಯಿಂದ ಕೇಳಿದ ಮೇಲೆ ತಿಳಿಯಿತು. ನೀನು ತೋರಿಸಿದ ನಲವತ್ತು ರೋಗಿಗಳಲ್ಲಿ ಮೂವತ್ತೊಂದು ಜನ ನಮ್ಮ ಕಮಲಾಪುರದಿಂದ ನಾನು ಕಳಿಸಿದವರು. ಪ್ರತಿಯೊಂದು ಪಟ್ಟಿಯ ಕೆಳಗೂ ನೀನು ನನ್ನ ಹೆಸರು ಹಾಕಿದ್ದೆ. ಅಲ್ಲಿ ‘ಡಾ.’ ಇತ್ತು. ಬುಧವಾರ ಬರೆದದ್ದಕ್ಕೆ ನಾಚಿಕೆಯಾಯಿತು.

ಕೊನೆಗೆ ನನ್ನ ಫೋಟೊ ಬಂತು. ದವಾಖಾನೆಯ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತದ್ದು. ನೀನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಸಾಯಬಣ್ಣನಿಗೆ ಕನ್ನಡದಲ್ಲಿ ಹೇಳಬೇಕಾಯಿತು. ನನ್ನ ಬಗ್ಗೆ ನಾನೇ ಹೇಳಿಕೊಳ್ಳುವ ಕರ್ಮ. ‘ಇಪ್ಪತ್ತಮೂರು ವರ್ಷದ ಹಿಂದೆ ಎಂ.ಡಿ. ಪ್ರವೇಶ ಪರೀಕ್ಷೆಯಲ್ಲಿ ನಮ್ಮಿಬ್ಬರಿಗೂ ರ‍್ಯಾಂಕ್ ಬಂದಿತ್ತು. ಮಾವನವರಿಗೆ ಲಕ್ವಾ ಹೊಡೆದು ಅವರ ದವಾಖಾನೆ ಮುಚ್ಚುವ ಸ್ಥಿತಿ ಇತ್ತು. ಇಬ್ಬರಲ್ಲಿ ಒಬ್ಬರು ಊರಲ್ಲಿ ಉಳಿಯಬೇಕಿತ್ತು. ಇವರು ತಮ್ಮ ಸೀಟು ಬಿಟ್ಟರು, ನನ್ನನ್ನು ಓದಲು ಕಳಿಸಿದರು. ಇವತ್ತು ಇಲ್ಲಿ ಇರಬೇಕಿತ್ತು. ರೋಗಿಗಳು ಬಿಡಲಿಲ್ಲ.’ ಮುಂದಿನ ಸಾಲಿನಲ್ಲಿ ಯಾರೋ ಎದ್ದರು, ಆಮೇಲೆ ಇಡೀ ಹಾಲ್ ಎದ್ದು ನಿಂತಿತು. ಚಪ್ಪಾಳೆ ಮುಗಿಯುತ್ತಲೇ ಇರಲಿಲ್ಲ.

ಸಾಯಬಣ್ಣ ಕಣ್ಣೊರೆಸಿಕೊಂಡ. “ನಿಮ್ಮ ಅಪ್ಪಾರು ಇದ್ದು ನೋಡಬೇಕಿತ್ರಿ,” ಎಂದ. ನಾನು ಎದ್ದು ಹೋಗಿ ಕೈ ತೊಳೆದುಕೊಂಡೆ.

ಪದ್ಮಜಾ ಫೋನ್ ಮಾಡಿದ್ದೂ ಅದಕ್ಕೇ. “ಅಪ್ಪಾ, ನಮ್ಮ ಹಾಸ್ಟೆಲಿನಾಗ ಎಲ್ಲಾರಿಗೂ ತೋರಿಸೀನಿ. ನೀ ಹೀರೋ ಆಗಿಬಿಟ್ಟಿ!” ಎಂದು ಒಂದೇ ಸಮ ಕುಣಿದಳು. ನಿನ್ನ ಅವ್ವ ಹೀರೋ ಎಂದೆ. “ಆಕಿ ಇದ್ದೇ ಅದಾಳ, ನೀನೂ,” ಎಂದಳು. ಅದಾದ ಮೇಲೆ ವಿವೇಕಾನಂದನ ಫೋನ್ ಬಂತು. “ಲೇ, ನಿನ್ನ ಹೇಣ್ತಿ ನಿನ್ನ ಹೆಸರು ಹೇಳಿ ಇಡೀ ಹಾಲ್ ಎಬ್ಬಿಸಿ ನಿಲ್ಲಿಸಿದಳಲೇ!” ಎಂದ. ಇನ್ನೂ ಏನೋ ಮಾತಾಡಿದ. ನಾನು ಹ್ಞೂಂ ಹ್ಞೂಂ ಎಂದೆ.

ವಿವೇಕಾನಂದನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಸುತ್ತಿ ಬಳಸಿ ಬರೆಯುವುದರಲ್ಲಿ ಅರ್ಥವಿಲ್ಲ. ಬೂಟಿನ ಪಟ್ಟಿಗೆ ಇದೆ, ರೋಪ್‌ವೇಗೆ ಇದೆ, ನೀನು ಅವನ ಹೆಗಲ ಮೇಲೆ ಕೈಯಿಟ್ಟು ನಕ್ಕಿದ್ದಕ್ಕೆ ಇದೆ. ಅವನು ಎರಡು ಸಲ ಪ್ರವೇಶ ಪರೀಕ್ಷೆಯಲ್ಲಿ ಬಿದ್ದು ಮೂರನೆಯ ಸಲಕ್ಕೆ ಎಲುಬಿನ ಸೀಟು ಹಿಡಿದವನು. ಅದನ್ನು ಮದುವೆ ಮನೆಯಲ್ಲಿ, ಪಾರ್ಟಿಯಲ್ಲಿ, ಎಲ್ಲರ ಮುಂದೆ ತಾನೇ ಹೇಳಿಕೊಂಡು ನಗುತ್ತಾನೆ. “ಎರಡು ಸಲ ನಾನ ಎಲುಬು ಮುರಕೊಂಡೀನಿ, ಅದಕ್ಕ ಕೂಡಸೂದು ಗೊತ್ತದ” ಎನ್ನುತ್ತಾನೆ. ಜನ ನಗುತ್ತಾರೆ, ನೀನೂ ನಗುತ್ತೀಯ. ಅಷ್ಟು ಹಗುರವಾಗಿ ಅದನ್ನು ಹೇಗೆ ಹೇಳುತ್ತಾನೋ ಎಂದು ನಾನು ತಟ್ಟೆ ನೋಡುತ್ತಾ ಕೂತಿರುತ್ತೇನೆ. ಅವನಿಂದ ನನಗೆ ಇವತ್ತಿನವರೆಗೆ ಒಂದು ಕೆಡುಕೂ ಆಗಿಲ್ಲ. ಅದೂ ಒಂದು ಸಂಕಟವೇ.

ನಿನ್ನ ಮೇಲೆ ನನಗೆ ಅನುಮಾನವಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದೆನೆಂದು ತಿಳಿ. ಅಲ್ಲಿಯ ಚಳಿಗೆ ನಿನ್ನ ಮೊಣಕಾಲು ನೋವು ಮತ್ತೆ ಎದ್ದಿರಬೇಕು. ಬಂದ ಮೇಲೆ ಎರಡು ದಿನ ರಜೆ ಹಾಕು, ಅವ್ವ ಎಳ್ಳೆಣ್ಣೆ ಕಾಯಿಸಿ ಇಡುತ್ತಾಳಂತೆ. ನಾಳೆ ವಿಮಾನ ಇಳಿದು ಸುಖವಾಗಿ ಮನೆ ಸೇರು. ಇನ್ನೂ ನೂರು ಸಭೆಗಳಲ್ಲಿ ನಿಂತು ಮಾತಾಡು, ಜನ ಎದ್ದು ನಿಲ್ಲಲಿ. ಅವ್ವನ ಆಶೀರ್ವಾದ. ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: “ನಮ್ಮ ಮನಿ ದೀಪ ಆಕಿ, ಹಿಮದಾಗ ಆರದಂಗ ಬರ್ಲಿ.”

ಇಂತಿ ನಿನ್ನವನೇ ಆದ,
ಸುಮಧ್ವ

ತಾ.ಕ.

ಲಕೋಟೆಗೆ ಅಂಟು ಹಚ್ಚಿ, ಒಣಗುವ ಮೊದಲೇ ಬಿಡಿಸಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ನೀನು ಕೇಳಿದ್ದಕ್ಕೆ ಅದು ಉತ್ತರವಲ್ಲ.

ಫಲಿತಾಂಶದ ದಿನ ನೆನಪಿದೆಯಲ್ಲ? ಸೂಪರ್ ಮಾರ್ಕೆಟ್ ಹತ್ತಿರದ ಆ ಇಂಟರ್‌ನೆಟ್ ಅಂಗಡಿ. ಒಳಗೆ ಜಾಗ ಇರಲಿಲ್ಲ, ನೀನು ಹೊರಗೆ ಸ್ಕೂಟರ್ ಹಿಡಿದುಕೊಂಡು ನಿಂತಿದ್ದೆ. ನಾನು ಎರಡೂ ನಂಬರು ಬರೆದ ಚೀಟಿ ಹಿಡಿದು ಒಳಗೆ ಹೋಗಿದ್ದೆ. ಹೋಗುವ ಮುಂಚೆ ನೀನು ಅಂದಿದ್ದೆ, “ಬಂದ್ರ ಇಬ್ಬರಿಗೂ ಬರಬೇಕು. ನಿನಗ ಬರಲಿಲ್ಲಂದ್ರ ನಾನೂ ಹೋಗೂದಿಲ್ಲ.” ನಿನ್ನ ನಂಬರು ಮೊದಲ ಪುಟದಲ್ಲೇ ಇತ್ತು. ನನ್ನದನ್ನು ಮೇಲಿನಿಂದ ಕೆಳಗೆ ನೋಡಿದೆ, ಕೆಳಗಿನಿಂದ ಮೇಲೆ ನೋಡಿದೆ. ಅಂಗಡಿಯವನು ಇನ್ನೊಬ್ಬರು ಕಾಯುತ್ತಿದ್ದಾರೆ ಏಳಿ ಎಂದ. ಹೊರಗೆ ಬಂದೆ. ನಿನ್ನ ಮುಖ ನೋಡಿದೆ. “ಎರಡೂ ಬಂದಾವ” ಎಂದುಬಿಟ್ಟೆ.

ಆ ಕ್ಷಣಕ್ಕೆ ಅದು ನಿನಗಾಗಿ ಹೇಳಿದ ಸುಳ್ಳು, ದೇವರಾಣೆ. ಅಪ್ಪ ಹಾಸಿಗೆ ಹಿಡಿದು ಆಗಲೇ ತಿಂಗಳಾಗಿತ್ತು, ಮನೆಗೆ ಬರುವಷ್ಟರಲ್ಲಿ ನನಗೆ ತಪ್ಪಿಸಿಕೊಳ್ಳುವ ದಾರಿಯೂ ಸಿಕ್ಕಿತ್ತು. ನಾನು ಸೀಟಿನ ಕೌನ್ಸೆಲಿಂಗಿಗೆ ಹೋಗುವುದಿಲ್ಲ, ದವಾಖಾನೆ ನೋಡಿಕೊಳ್ಳುತ್ತೇನೆ, ನೀನು ಹೋಗು ಎಂದೆ. ನೀನು ಅತ್ತೆ. ಅವ್ವ ನನ್ನ ತಲೆ ಸವರಿದಳು. ಅಪ್ಪ ಮಾತಾಡಲಾಗದೆ ಎಡಗೈ ಎತ್ತಿ ನನ್ನನ್ನು ಹರಸಿದರು. ಅದಾದ ಮೇಲೆ ನಿಜ ಹೇಳ್ತೀನಿ ಅಂದರೆ ಯಾವ ಬಾಯಿಂದ ಹೇಳಲಿ? ಹರಸಿದ ಕೈ ಅದೇ ವರ್ಷ ಹೋಯಿತು.

ಮರುವರ್ಷ ಮಂತ್ರಾಲಯಕ್ಕೆ ಹೋಗಿ ಬರುತ್ತೇನೆಂದು ಹೇಳಿ ಬೆಂಗಳೂರಿಗೆ ಹೋಗಿ ಮತ್ತೆ ಪರೀಕ್ಷೆ ಬರೆದೆ. ಅದರ ಮರುವರ್ಷವೂ ಬರೆದೆ. ನೀನು ಆಗ ಹುಬ್ಬಳ್ಳಿಯಲ್ಲಿದ್ದೆ, ನಾನು ವಾರಕ್ಕೊಂದು ಪತ್ರದಲ್ಲಿ ದವಾಖಾನೆಯ ಸುದ್ದಿ ಬರೆಯುತ್ತಿದ್ದೆ. ಮೂರನೆಯ ಸಲ ನನ್ನ ಮುಂದಿನ ಬೆಂಚಿನಲ್ಲಿ ವಿವೇಕಾನಂದ ಕೂತಿದ್ದ. ಹೊರಗೆ ಬಂದು ಚಹಾ ಕುಡಿದೆವು, ಯಾರಿಗೂ ಹೇಳಬೇಡ ಎಂದು ಅವನ ಕೈ ಹಿಡಿದುಕೊಂಡೆ. ಅವನಿಗೆ ಬಂತು, ನನಗೆ ಬರಲಿಲ್ಲ. ಇವತ್ತಿನವರೆಗೂ ಅವನು ಹೇಳಿಲ್ಲ. ನಿನ್ನೆ ಫೋನಿನಲ್ಲಿ ಅವನು ಮಾತಾಡಿದ ‘ಇನ್ನೂ ಏನೋ’ ಇದು: “ಲೇ ಸುಮ್ಯಾ, ನಾ ಯಾರಿಗೂ ಹೇಳಿಲ್ಲ, ಹೇಳೂದೂ ಇಲ್ಲ. ಆದ್ರ ಆಕಿ ಸ್ಟೇಜಿನ ಮ್ಯಾಲೆ ಹೇಳೂ ಮುಂದ ನನಗ ತಲಿ ಎತ್ತಿ ನೋಡ್ಲಿಕ್ಕಾಗ್ಲಿಲ್ಲೋ.” ರೋಪ್‌ವೇ ಡಬ್ಬಿಯಲ್ಲಿ ಅವನು ನಿನ್ನ ಪಕ್ಕ ಕೂತಾಗ ನನಗೆ ಉರಿದದ್ದು ಅವನು ನಿನ್ನನ್ನು ಮುಟ್ಟಿಬಿಟ್ಟಾನೆಂದಲ್ಲ, ಹೇಳಿಬಿಟ್ಟಾನೆಂದು.

ನೀನು ಹೊರಡುವ ಎರಡು ದಿನ ಮೊದಲು, ಗುರುವಾರ, ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ನೀನು ಸ್ನಾನಕ್ಕೆ ಹೋಗಿದ್ದೆ. ಪರದೆಯ ಮೇಲೆ ನನ್ನ ಫೋಟೊ, ಪಕ್ಕದಲ್ಲಿ ‘ಸೀಟು ಬಿಟ್ಟುಕೊಟ್ಟವರು’ ಎಂದಿತ್ತು. ಕೆಳಗೆ ನಿನಗಾಗಿ ನೀನೇ ಬರೆದುಕೊಂಡಿದ್ದೆ: ‘ಇಲ್ಲಿ ಅವರನ್ನು ಒಳಗೆ ಕರೆಸಿ ಎಲ್ಲರ ಮುಂದೆ ನಿಲ್ಲಿಸುವುದು.’ ನೀನು ಕೂದಲು ಒರೆಸಿಕೊಂಡು ಬರುವಷ್ಟರಲ್ಲಿ ನಾನು ಟಿಕೆಟ್ ರದ್ದು ಮಾಡಿದ್ದೆ.

ಕಾಲೇಜಿನಲ್ಲಿ ನಿನಗಿಂತ ಎರಡು ಅಂಕ ಹೆಚ್ಚು ಬಂದಾಗ ನಾನು ವಾರವಿಡೀ ಬೀಗುತ್ತಿದ್ದೆ. ಆ ದಿನದಿಂದ ಈ ದಿನದವರೆಗೆ ನಾನು ಹೊಟ್ಟೆಕಿಚ್ಚು ಪಟ್ಟದ್ದು ನಿನ್ನ ಮೇಲೆಯೇ. ನೀನು ನನ್ನ ಗುಳಿಗೆ ಬದಲಿಸಿದಾಗಲೆಲ್ಲ, ನನ್ನ ಹೆಂಡತಿ ಎಂದು ಜನ ನಿನ್ನನ್ನು ತೋರಿಸುವ ಬದಲು ನಿನ್ನ ಗಂಡ ಎಂದು ನನ್ನನ್ನು ತೋರಿಸಿದಾಗಲೆಲ್ಲ. ನಿಜವಾಗಿಯೂ ಬಿಟ್ಟುಕೊಟ್ಟವನಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ, ಕೊಟ್ಟವರಿಗೆ ಒಂದು ನೆಮ್ಮದಿ ಇರುತ್ತದೆ. ನಾನು ಏನನ್ನೂ ಬಿಟ್ಟುಕೊಟ್ಟಿಲ್ಲ ಶುಭಾ, ನನಗೆ ಬಂದೇ ಇರಲಿಲ್ಲ.

ಪದ್ಮಜಾಳಿಗೆ ನೀನೇ ಹೇಳು, ಇಲ್ಲಾ ನಾನೇ ಹೇಳುತ್ತೇನೆ, ನೀನು ಹೇಗೆ ಅಂದರೆ ಹಾಗೆ.

ನಾಳೆ ಹೈದರಾಬಾದಿಗೆ ಬಾಡಿಗೆ ಕಾರು ಕಳಿಸುವುದಿಲ್ಲ, ನಾನೇ ಬರುತ್ತೇನೆ. ಈ ಲಕೋಟೆ ಮುಂದಿನ ಸೀಟಿನ ಮೇಲೆ ಇರುತ್ತದೆ. ಊರು ದಾಟಿದ ಮೇಲೆ ತೆರೆದು ಓದು. ಮನೆಗೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚಿದೆ, ನಾನು ಗಾಡಿ ಓಡಿಸುತ್ತಿರುತ್ತೇನೆ, ರಸ್ತೆ ಬಿಟ್ಟು ನಿನ್ನ ಮುಖ ನೋಡಬೇಕಾಗಿಲ್ಲ. ಓದಿ ಮುಗಿಸಿದ ಮೇಲೆ ಒಂದು ಮಾತು ಆಡು. ಬೈದರೂ ನಡೆಯುತ್ತದೆ, ಸುಮ್ಮನೆ ಮಾತ್ರ ಕೂರಬೇಡ.